ವೇಷ ಹಾಕಿ ಲೆಕ್ಕ ಕಲಿತ ಹುಡುಗಿ

ಯಕ್ಷಗಾನದ ಚೌಕಿಯಲ್ಲಿ ಗಂಡಸೊಬ್ಬ ಹೆಣ್ಣಾಗುವುದನ್ನು ಉತ್ತರ ಕನ್ನಡ ಜಿಲ್ಲೆಯ ಜನ ಎಷ್ಟೋ ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ. ಮುಖಕ್ಕೆ ಬಣ್ಣ ಬಳಿದು, ಸೀರೆ ಉಟ್ಟು, ಗೆಜ್ಜೆ ಕಟ್ಟಿ ಆತ ರಂಗಸ್ಥಳಕ್ಕೆ ಬಂದರೆ ಮುಗಿಯಿತು. ಪ್ರಸಂಗ ಮುಗಿಯುವವರೆಗೆ ಅವನು ದ್ರೌಪದಿ, ಇಲ್ಲವೆ ಚಂದ್ರಮತಿ. ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡು ಮತ್ತೆ ತನ್ನ ಗದ್ದೆಗೋ ತೋಟಕ್ಕೋ ಹೋಗುತ್ತಾನೆ. ಅದನ್ನು ಮೋಸವೆಂದು ಯಾರೂ ಹೇಳುವುದಿಲ್ಲ. ವೇಷ ಅವನಿಗೆ ಕಲೆ. ಆದರೆ ವೇಷವನ್ನು ಕಲೆಗಾಗಿ ಅಲ್ಲ, ಕಲಿಕೆಗಾಗಿ ಹಾಕಿದವರೂ ಇತಿಹಾಸದಲ್ಲಿದ್ದಾರೆ. ಓದಬೇಕೆಂಬ ಒಂದೇ ಆಸೆಗೆ ಗಂಡಿನ ಹೆಸರನ್ನೋ ಗಂಡಿನ ಉಡುಪನ್ನೋ ತೊಟ್ಟು ತಮ್ಮ ಗುರುತನ್ನು ಬಚ್ಚಿಟ್ಟುಕೊಂಡ ಹೆಣ್ಣುಮಕ್ಕಳು ಅವರು.

ಇಂಥ ಒಬ್ಬ ಹುಡುಗಿಯ ಕಥೆಯನ್ನು 2006ರಲ್ಲಿ ಅಮೆರಿಕದ ಒಂದು ಕಾರ್ಟೂನ್ ಧಾರಾವಾಹಿ ಹೇಳಿತು. ಹುಡುಗಿ ಕಾಲ್ಪನಿಕ, ಊರು ಕಾಲ್ಪನಿಕ, ಕಥೆಯೂ ನಗಿಸಲು ಹೊರಟದ್ದು. ಆದರೆ ಅದು ಎತ್ತಿದ ಪ್ರಶ್ನೆ ಕಾಲ್ಪನಿಕವಲ್ಲ. ಆ ಪ್ರಶ್ನೆಗೆ ಕರ್ನಾಟಕದ ಇತಿಹಾಸದಲ್ಲಿಯೂ ಉತ್ತರದ ತುಣುಕುಗಳಿವೆ.

ಎಂಟು ವರ್ಷ ದಾಟದ ಲೀಸಾ

ಧಾರಾವಾಹಿಯ ಹೆಸರು 'ದಿ ಸಿಂಪ್ಸನ್ಸ್'. ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರ ಸೃಷ್ಟಿಸಿದ ಈ ಕುಟುಂಬ 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವಿನ ಪುಟ್ಟ ತುಣುಕುಗಳಲ್ಲಿ ಕಾಣಿಸಿಕೊಂಡಿತು. 1989ರ ಡಿಸೆಂಬರ್ 17ರಂದು ಸ್ವತಂತ್ರ ಧಾರಾವಾಹಿಯಾಯಿತು. ಸೋಮಾರಿ ಅಪ್ಪ ಹೋಮರ್, ತಾಳ್ಮೆಯ ತಾಯಿ ಮಾರ್ಜ್, ತುಂಟ ಮಗ ಬಾರ್ಟ್, ಓದಿನಲ್ಲಿ ಮುಂದಿರುವ ಮಗಳು ಲೀಸಾ, ಇನ್ನೂ ಮಾತು ಬಾರದ ಕೂಸು ಮ್ಯಾಗಿ - ಇಷ್ಟೇ ಸಂಸಾರ. ಈ ಸಂಸಾರವನ್ನು ಮುಂದಿಟ್ಟುಕೊಂಡು ಅಮೆರಿಕದ ಶಾಲೆ, ಚರ್ಚು, ಪೊಲೀಸು, ಟಿ.ವಿ., ರಾಜಕಾರಣ ಎಲ್ಲವನ್ನೂ ಗೇಲಿ ಮಾಡುವುದು ಧಾರಾವಾಹಿಯ ಕಸುಬು.

ಪರದೆಯ ಮೇಲೆ ಚಿತ್ರಗಳು ಕುಣಿದು ದೊಡ್ಡವರನ್ನು ಗೇಲಿ ಮಾಡುವುದು ನಮಗೆ ಹೊಸದೇನೂ ಅಲ್ಲ. ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕ ಈ ಕೆಲಸವನ್ನು ಬಹಳ ಹಿಂದೆಯೇ ಮಾಡಿದವರು. ರಾಮಾಯಣದ ಗಂಭೀರ ಸನ್ನಿವೇಶದ ನಡುವೆ ನುಗ್ಗಿ, ಊರಿನ ಸುದ್ದಿಯನ್ನೆಲ್ಲ ಎಳೆದು ತಂದು, ನಗಿಸಿ ಹೋಗುವುದು ಈ ಜೋಡಿಯ ರೀತಿ. ಆದರೆ ಆ ಪರದೆಯ ಮೇಲೆ ಪಾಟಿ ಹಿಡಿದು ಶಾಲೆಗೆ ಹೋಗುವ ಹುಡುಗಿ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಶಾಲೆಗೆ ಹೋಗುವ ಹುಡುಗಿ ಎಂಬ ವ್ಯಕ್ತಿಯೇ ಸಮಾಜಕ್ಕೆ ತೀರ ಈಚಿನವಳು.

ಲೀಸಾ ಆ ಈಚಿನ ವ್ಯಕ್ತಿಯ ಪ್ರತಿನಿಧಿ. ಅವಳಿಗೆ ಎಂಟು ವರ್ಷ. ಕಾರ್ಟೂನಿನಲ್ಲಿ ಕಾಲ ನಿಂತಿರುವುದರಿಂದ 1989ರಲ್ಲಿಯೂ ಎಂಟು, ಇಂದಿಗೂ ಎಂಟು. ಸ್ಯಾಕ್ಸೊಫೋನ್ ನುಡಿಸುತ್ತಾಳೆ, ಪುಸ್ತಕ ಓದುತ್ತಾಳೆ, ದೊಡ್ಡವರು ಸುಮ್ಮನಿರುವ ಕಡೆ ಪ್ರಶ್ನೆ ಕೇಳುತ್ತಾಳೆ. 1994ರ ಒಂದು ಕಂತಿನಲ್ಲಿ ಅವಳು ಮಾತನಾಡುವ ಗೊಂಬೆಯೊಂದರ ವಿರುದ್ಧ ಹೋರಾಡುತ್ತಾಳೆ. ಗೊಂಬೆಯ ಬಾಯಲ್ಲಿ ಬರುವುದೆಲ್ಲ ಅಂದ ಚಂದದ, ಬುದ್ಧಿಯಿಲ್ಲದ ಮಾತು ಎಂಬುದು ಅವಳ ತಕರಾರು. ಇದಕ್ಕೂ ಹಿಂದೆ ನಡೆದ ಘಟನೆಯೊಂದಿತ್ತು. 1992ರಲ್ಲಿ ಮಾರುಕಟ್ಟೆಗೆ ಬಂದ ಮಾತನಾಡುವ ಬಾರ್ಬಿ ಗೊಂಬೆಯ ಮಾತುಗಳಲ್ಲಿ ಗಣಿತದ ತರಗತಿ ಬಲು ಕಷ್ಟ ಎಂಬುದೂ ಸೇರಿತ್ತು. ಅಮೆರಿಕದ ಮಹಿಳಾ ಸಂಘಟನೆಗಳು ಪ್ರತಿಭಟಿಸಿದ ಮೇಲೆ ಕಂಪೆನಿ ಆ ಮಾತನ್ನು ತೆಗೆಯಿತು.

ಜೇಕ್ ಬಾಯ್‌ಮನ್ ಯಾರು?

ಗಣಿತದ ಪ್ರಶ್ನೆ ಮತ್ತೆ ಬಂದದ್ದು 2006ರ ಏಪ್ರಿಲ್ 30ರಂದು ಪ್ರಸಾರವಾದ ಕಂತಿನಲ್ಲಿ. ಲೀಸಾಳ ಶಾಲೆಯ ಮುಖ್ಯೋಪಾಧ್ಯಾಯ ಸಭೆಯೊಂದರಲ್ಲಿ ಬಾಯಿತಪ್ಪಿ, ಹುಡುಗಿಯರಿಗೆ ಗಣಿತ ಅಷ್ಟಕ್ಕಷ್ಟೆ ಎಂಬ ಅರ್ಥದ ಮಾತಾಡುತ್ತಾನೆ. ಗದ್ದಲವಾಗುತ್ತದೆ. ಅವನ ಜಾಗಕ್ಕೆ ಬಂದ ಹೊಸ ಮುಖ್ಯೋಪಾಧ್ಯಾಯಿನಿ ಶಾಲೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಹುಡುಗರನ್ನು, ಇನ್ನೊಂದು ಕಡೆ ಹುಡುಗಿಯರನ್ನು ಕೂರಿಸುತ್ತಾಳೆ. ಹುಡುಗಿಯರ ಭಾಗ ಬಣ್ಣ ಬಳಿದುಕೊಂಡು ಚಂದವಾಗಿದೆ. ಆದರೆ ಅಲ್ಲಿ ಗಣಿತದ ಪಾಠವೆಂದರೆ ಅಂಕಿಗಳನ್ನು ಕಂಡಾಗ ಮನಸ್ಸಿಗೆ ಏನನ್ನಿಸುತ್ತದೆ, ಕೂಡುವ ಚಿಹ್ನೆಗೆ ವಾಸನೆ ಹೇಗಿದೆ ಎಂದು ಹೇಳುವುದು. ಲೆಕ್ಕ ಮಾತ್ರ ಇಲ್ಲ.

ಲೀಸಾಗೆ ಬೇಕಾದದ್ದು ಲೆಕ್ಕ. ತಾಯಿಯ ನೆರವಿನಿಂದ ಅವಳು ಹುಡುಗನ ವೇಷ ಹಾಕಿ, ಜೇಕ್ ಬಾಯ್‌ಮನ್ ಎಂಬ ಹೆಸರಿನಲ್ಲಿ ಹುಡುಗರ ತರಗತಿಗೆ ಹೋಗಿ ಕೂರುತ್ತಾಳೆ. ಒಂದು ಸಂಖ್ಯೆಯ ವರ್ಗ 25 ಆದರೆ ಆ ಸಂಖ್ಯೆ ಯಾವುದು ಎಂಬ ಲೆಕ್ಕ ಅಲ್ಲಿ ಬರುತ್ತದೆ. ಅವಳು 5 ಎನ್ನುತ್ತಾಳೆ. ಉತ್ತರ ಅರ್ಧ ಮಾತ್ರ ಸರಿ ಎಂದು ತರಗತಿಯಲ್ಲಿ ತಿದ್ದುತ್ತಾರೆ. ಋಣ 5ನ್ನು ಋಣ 5ರಿಂದ ಗುಣಿಸಿದರೂ ಬರುವುದು 25 ತಾನೆ? ತಪ್ಪಿದ್ದಕ್ಕೆ ಲೀಸಾ ಅಳುವುದಿಲ್ಲ, ಹಿಗ್ಗುತ್ತಾಳೆ. ತನ್ನ ತಪ್ಪನ್ನು ಯಾರೋ ಗಂಭೀರವಾಗಿ ತೆಗೆದುಕೊಂಡು ತಿದ್ದಿದ್ದಾರೆ ಎಂಬುದೇ ಅವಳಿಗೆ ಹೊಸ ಅನುಭವ.

ಮುಂದೆ ಗಣಿತದಲ್ಲಿ ಅವಳಿಗೇ ಬಹುಮಾನ ಬರುತ್ತದೆ. ವೇದಿಕೆಯ ಮೇಲೆ ಅವಳು ವೇಷ ಕಳಚುತ್ತಾಳೆ. ಇಲ್ಲಿಗೆ ಕಥೆ ಮುಗಿದಿದ್ದರೆ ಅದು ನೀತಿಪಾಠವಾಗುತ್ತಿತ್ತು. ಆದರೆ ಅಣ್ಣ ಬಾರ್ಟ್ ಎದ್ದು ನಿಂತು, ಇವಳು ಗೆದ್ದದ್ದು ಹುಡುಗನಂತೆ ಇರಲು ಕಲಿತದ್ದರಿಂದ ಎಂದುಬಿಡುತ್ತಾನೆ. ನಡುವೆ ಅವಳು ಹುಡುಗರ ಒರಟುತನವನ್ನೂ ಕಲಿತು, ಏನೂ ಅರಿಯದ ಒಬ್ಬ ಸಹಪಾಠಿಯನ್ನು ಹೊಡೆದದ್ದೂ ಇತ್ತು. ವೇಷ ಬರಿಯ ಬಟ್ಟೆಯಲ್ಲ, ತೊಟ್ಟವರನ್ನು ಅದು ಒಳಗಿನಿಂದಲೂ ಬದಲಿಸುತ್ತದೆ ಎಂಬ ಮಾತನ್ನು ಈ ನಗೆಕಥೆ ಹೀಗೆ ಹೇಳದೆ ಹೇಳಿತು.

ನಗೆಯ ಹಿಂದಿನ ನಿಜ

ಈ ಕಂತಿಗೆ ಪ್ರೇರಣೆ ಎಲ್ಲಿಂದ ಬಂತೆಂಬುದು ಗುಟ್ಟಲ್ಲ. 2005ರ ಜನವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಲಾರೆನ್ಸ್ ಸಮ್ಮರ್ಸ್ ಒಂದು ವಿಚಾರ ಸಂಕಿರಣದಲ್ಲಿ, ವಿಜ್ಞಾನ ಮತ್ತು ಇಂಜಿನಿಯರಿಂಗಿನ ಉನ್ನತ ಹುದ್ದೆಗಳಲ್ಲಿ ಮಹಿಳೆಯರು ಕಡಿಮೆ ಇರುವುದಕ್ಕೆ ಹುಟ್ಟಿನಿಂದ ಬರುವ ಸಾಮರ್ಥ್ಯದ ವ್ಯತ್ಯಾಸವೂ ಒಂದು ಕಾರಣವಿರಬಹುದು ಎಂದರು. ದೊಡ್ಡ ವಿವಾದವೆದ್ದಿತು. ಇತರ ಕಾರಣಗಳೂ ಸೇರಿ 2006ರಲ್ಲಿ ಅವರು ಹುದ್ದೆ ಬಿಟ್ಟರು. 'ದಿ ಸಿಂಪ್ಸನ್ಸ್' ಬರಹಗಾರರ ತಂಡದಲ್ಲಿ ಗಣಿತದ ಪದವೀಧರರು ಹಲವರಿದ್ದಾರೆ. ಅಲ್ ಜೀನ್ ಅವರಲ್ಲೊಬ್ಬರು; ಅವರು ಗಣಿತ ಓದಿದ್ದು ಅದೇ ಹಾರ್ವರ್ಡ್‌ನಲ್ಲಿ. ಈ ಗಣಿತದ ನಂಟನ್ನೇ ಹಿಡಿದು ವಿಜ್ಞಾನ ಲೇಖಕ ಸೈಮನ್ ಸಿಂಗ್ 2013ರಲ್ಲಿ ಒಂದು ಪುಸ್ತಕ ಬರೆದರು.

ಸಮ್ಮರ್ಸ್ ಎತ್ತಿದ ಪ್ರಶ್ನೆಗೆ ಅಂಕಿಅಂಶಗಳ ಉತ್ತರವೂ ಬಂತು. 2008ರಲ್ಲಿ ಜಾನೆಟ್ ಹೈಡ್ ಮತ್ತು ಸಂಗಡಿಗರು ಅಮೆರಿಕದ ಶಾಲೆಗಳ 70 ಲಕ್ಷಕ್ಕೂ ಹೆಚ್ಚು ಮಕ್ಕಳ ಗಣಿತ ಪರೀಕ್ಷೆಗಳನ್ನು ಪರಿಶೀಲಿಸಿ, 2ರಿಂದ 11ನೆಯ ತರಗತಿಯವರೆಗೆ ಹುಡುಗ ಹುಡುಗಿಯರ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ತೋರಿಸಿದರು. 2014ರಲ್ಲಿ ಇರಾನಿನಲ್ಲಿ ಹುಟ್ಟಿದ ಮರ್ಯಮ್ ಮಿರ್ಜಾಖಾನಿ ಗಣಿತದ ಅತ್ಯುಚ್ಚ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2022ರಲ್ಲಿ ಯುಕ್ರೇನಿನ ಮರೀನಾ ವಿಯಾಜೊವ್ಸ್ಕಾ ಎರಡನೆಯವರು. ಪದಕ ಆರಂಭವಾದದ್ದು 1936ರಲ್ಲಿ ಎಂಬುದನ್ನು ನೆನೆದರೆ ಈ ಎರಡು ಹೆಸರುಗಳಿಗೆ ಎಷ್ಟು ಕಾಲ ಕಾಯಬೇಕಾಯಿತೆಂಬುದು ತಿಳಿಯುತ್ತದೆ.

ಹುಡುಗನ ಹೆಸರಿನಲ್ಲಿ ಗಣಿತ ಕಲಿಯುವುದು ಕಾರ್ಟೂನಿನವರ ಕಲ್ಪನೆಯೇ? ಅಲ್ಲ. ಫ್ರಾನ್ಸಿನ ಸೋಫಿ ಜರ್ಮೇನ್ (1776-1831) ಕಥೆ ಇದಕ್ಕಿಂತ ವಿಚಿತ್ರವಾಗಿದೆ. ಪ್ಯಾರಿಸ್ಸಿನಲ್ಲಿ 1794ರಲ್ಲಿ ಆರಂಭವಾದ ಎಕೋಲ್ ಪಾಲಿಟೆಕ್ನಿಕ್ ವಿದ್ಯಾಲಯಕ್ಕೆ ಹೆಣ್ಣುಮಕ್ಕಳ ಪ್ರವೇಶವಿರಲಿಲ್ಲ. ಸೋಫಿ ಅಲ್ಲಿನ ಪಾಠದ ಟಿಪ್ಪಣಿಗಳನ್ನು ಹೇಗೋ ಸಂಪಾದಿಸಿ, ಲೆಬ್ಲಾಂಕ್ ಎಂಬ ವಿದ್ಯಾರ್ಥಿಯ ಹೆಸರಿನಲ್ಲಿ ತನ್ನ ಬರಹವನ್ನು ಅಲ್ಲಿನ ಪ್ರಾಧ್ಯಾಪಕ ಲಗ್ರಾಂಜ್‌ಗೆ ಕಳಿಸಿದಳು. ಬುದ್ಧಿವಂತ ವಿದ್ಯಾರ್ಥಿಯನ್ನು ಕಾಣಬೇಕೆಂದು ಲಗ್ರಾಂಜ್ ಬಯಸಿದಾಗ ಗುಟ್ಟು ಬಯಲಾಯಿತು. ಆತ ಸಿಟ್ಟಾಗಲಿಲ್ಲ, ಪ್ರೋತ್ಸಾಹಿಸಿದ. ಆದರೂ 1804ರಿಂದ ಜರ್ಮನಿಯ ಮಹಾಗಣಿತಜ್ಞ ಗೌಸ್‌ಗೆ ಪತ್ರ ಬರೆಯುವಾಗ ಅವಳು ಮತ್ತೆ ಲೆಬ್ಲಾಂಕ್ ಆದಳು. ನೆಪೋಲಿಯನ್ನನ ಸೈನ್ಯ ಗೌಸ್‌ನ ಊರಿಗೆ ನುಗ್ಗಿದಾಗ, ಅವನ ಜೀವಕ್ಕೆ ಅಪಾಯವಾಗದಿರಲೆಂದು ಪರಿಚಯದ ಸೇನಾಧಿಕಾರಿಯೊಬ್ಬನಿಗೆ ಹೇಳಿ ಕಳಿಸಿದಳು. ತನ್ನನ್ನು ಕಾಪಾಡಲು ಹೇಳಿದ ಈ ಹೆಂಗಸು ಯಾರು ಎಂದು ಗೌಸ್ ಬೆರಗಾದ. ಆಗ ಅವಳು ತಾನೇ ಆ ಲೆಬ್ಲಾಂಕ್ ಎಂದು ಒಪ್ಪಿಕೊಳ್ಳಬೇಕಾಯಿತು. ಆಕೆಯ ಬಗ್ಗೆ ಗೌಸ್‌ನ ಗೌರವ ಇಮ್ಮಡಿಯಾಯಿತು. 1816ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನವೂ ಅವಳಿಗೆ ಬಂತು. ಈ ಸಲ ಸ್ವಂತ ಹೆಸರಿನಲ್ಲಿ.

ಲೀಲಾವತಿಗೆ ಹೇಳಿದ ಲೆಕ್ಕ

ಈಗ ನಮ್ಮ ಕಡೆಗೆ ತಿರುಗೋಣ. ಲೀಸಾಗೆ ಹುಡುಗರ ತರಗತಿಯಲ್ಲಿ ತಿಳಿದ ಸಂಗತಿ ಏನು? ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ. ಆದ್ದರಿಂದ ವರ್ಗಮೂಲ ಎರಡು. ಇದನ್ನು ಸ್ಪಷ್ಟ ಮಾತಿನಲ್ಲಿ ಹೇಳಿದ ಪ್ರಾಚೀನರಲ್ಲಿ ಒಬ್ಬ ಮಹಾವೀರಾಚಾರ್ಯ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಈತ. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದೂ ಅವನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. 'ಕವಿರಾಜಮಾರ್ಗ' ಹುಟ್ಟಿದ ಕಾಲದಲ್ಲೇ ಈ ಮಾತೂ ಹುಟ್ಟಿತು. ಕನ್ನಡದಲ್ಲಿಯೇ ಗಣಿತ ಬರೆದ ರಾಜಾದಿತ್ಯ ಬಂದದ್ದು 12ನೆಯ ಶತಮಾನದಲ್ಲಿ. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅವನ ಗ್ರಂಥಗಳು.

ಅದೇ 12ನೆಯ ಶತಮಾನದಲ್ಲಿ, 1150ರ ಸುಮಾರಿಗೆ, ಭಾಸ್ಕರಾಚಾರ್ಯ 'ಲೀಲಾವತಿ' ಬರೆದ. ಲೆಕ್ಕಗಳನ್ನು ಅವನು ಹಲವೆಡೆ ಒಬ್ಬ ಬಾಲೆಯನ್ನು ಕರೆದು ಕೇಳುತ್ತಾನೆ: ಜಿಂಕೆಗಣ್ಣಿನ ಲೀಲಾವತಿಯೇ, ಇದಕ್ಕೆ ಉತ್ತರವೇನು ಹೇಳು ಎಂಬ ಧಾಟಿಯಲ್ಲಿ. ಲೀಲಾವತಿ ಅವನ ಮಗಳು ಎಂಬುದು ಪರಂಪರೆಯ ಮಾತು. ಮಗಳ ಮದುವೆಯ ಮುಹೂರ್ತ ತಿಳಿಯಲು ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟಿದ್ದರಂತೆ. ಬಗ್ಗಿ ನೋಡಿದ ಹುಡುಗಿಯ ಒಡವೆಯ ಮುತ್ತೊಂದು ಬಿದ್ದು ಬಟ್ಟಲಿನ ತೂತು ಮುಚ್ಚಿ ಮುಹೂರ್ತ ಮೀರಿತಂತೆ. ಮಗಳ ದುಃಖ ಮರೆಸಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದನಂತೆ. ಈ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. ಅಕ್ಬರನ ಅಪ್ಪಣೆಯಂತೆ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ ಇದು ಸಿಗುತ್ತದೆ.

ಕಥೆ ನಿಜವೋ ಸುಳ್ಳೋ, ಅದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗಣಿತ ಕಲಿಯುವ ಹುಡುಗಿಯನ್ನು ನಮ್ಮ ಪರಂಪರೆ ಕಲ್ಪಿಸಿಕೊಂಡಿತು. ಆದರೆ ಮದುವೆ ತಪ್ಪಿದ ಮೇಲೆ ಸಿಗುವ ಸಮಾಧಾನವಾಗಿ ಮಾತ್ರ ಗಣಿತವನ್ನು ಅವಳ ಕೈಗಿಟ್ಟಿತು. ಏಳೆಂಟು ನೂರು ವರ್ಷಗಳ ಕಾಲ ಲೀಲಾವತಿಯ ಲೆಕ್ಕಗಳನ್ನು ಪಾಠಶಾಲೆಗಳಲ್ಲಿ ಬಿಡಿಸಿದವರು ಬಹುಪಾಲು ಹುಡುಗರೇ. ಬಾಲೆ ಎಂದು ಕರೆದ ಕರೆಗೆ ಓಗೊಡಲು ತರಗತಿಯಲ್ಲಿ ಬಾಲೆಯರಿರಲಿಲ್ಲ.

ಹುಡುಗಿಯರಿಗೆ ಬೇರೆ ಪಾಠ

ಬ್ರಿಟಿಷರ ಕಾಲದಲ್ಲಿ ಹುಡುಗಿಯರ ಶಾಲೆಗಳು ಬಂದವು. ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ದಂಪತಿ 1848ರಲ್ಲಿ ಶಾಲೆ ತೆರೆದರು. ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾದದ್ದು 1881ರಲ್ಲಿ. ಶಾಲೆಯ ಬಾಗಿಲು ತೆರೆಯಿತೇನೋ ಸರಿ. ಒಳಗೆ ಏನು ಕಲಿಸಬೇಕು ಎಂಬ ಪ್ರಶ್ನೆ ಉಳಿಯಿತು. 1882ರ ಹಂಟರ್ ಆಯೋಗ, ಹುಡುಗಿಯರ ಪ್ರಾಥಮಿಕ ಶಾಲೆಗಳ ಪಾಠಮಟ್ಟ ಹುಡುಗರದಕ್ಕಿಂತ ಸರಳವಾಗಿರಬೇಕು, ಮನೆವಾರ್ತೆಯ ಅಗತ್ಯಗಳನ್ನು ಗಮನದಲ್ಲಿಟ್ಟು ಅದನ್ನು ರೂಪಿಸಬೇಕು ಎಂದು ಶಿಫಾರಸು ಮಾಡಿತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡಕ್ಕಾಗಲಿ, ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡಕ್ಕಾಗಲಿ ಅನ್ವಯಿಸುತ್ತಿದ್ದ ಸರ್ಕಾರಿ ಆಲೋಚನೆ ಇದೇ. ಹುಡುಗಿಯರನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳನ್ನು ಒಲಿಸಿಕೊಳ್ಳಲು ಇದು ಆಗ ಉಪಾಯವೂ ಆಗಿದ್ದಿರಬಹುದು. ಆದರೆ ಉಪಾಯ ಕ್ರಮೇಣ ಪದ್ಧತಿಯಾಯಿತು. ಹೊಲಿಗೆ, ಸಂಗೀತ, ಗೃಹವಿಜ್ಞಾನ ಹುಡುಗಿಯರ ಪಾಲಿಗೆ. ಬೀಜಗಣಿತ, ಭೌತವಿಜ್ಞಾನ ಹುಡುಗರ ಪಾಲಿಗೆ ಎಂಬ ಹಂಚಿಕೆ ಸ್ವಾತಂತ್ರ್ಯ ಬಂದ ಮೇಲೂ ಅನೇಕ ಕಡೆ ಮುಂದುವರಿಯಿತು.

ಈ ಹಂಚಿಕೆ ಬೇಡವೆಂದು ಖಚಿತವಾಗಿ ಹೇಳಿದ್ದು 1960ರ ದಶಕದ ಆರಂಭದಲ್ಲಿ ವರದಿ ನೀಡಿದ ಹಂಸಾ ಮೆಹ್ತಾ ಸಮಿತಿ. ಹುಡುಗ ಹುಡುಗಿಯರ ಪಠ್ಯಕ್ರಮಗಳಲ್ಲಿ ಲಿಂಗದ ಆಧಾರದ ಮೇಲೆ ಭೇದ ಇರಕೂಡದು ಎಂಬ ಅದರ ನಿಲುವನ್ನು 1964-66ರ ಕೊಠಾರಿ ಆಯೋಗ ಒಪ್ಪಿಕೊಂಡಿತು. ಗೃಹವಿಜ್ಞಾನ ಹುಡುಗಿಯರಿಗೆ ಕಡ್ಡಾಯವಾಗಬಾರದು, ಗಣಿತ ಮತ್ತು ವಿಜ್ಞಾನ ಓದಲು ಅವರಿಗೆ ವಿಶೇಷ ಉತ್ತೇಜನ ಬೇಕು ಎಂದು ಆಯೋಗ ಹೇಳಿತು. ಕಾರ್ಟೂನಿನ ಆ ಬಣ್ಣದ ಗೋಡೆಯ ಗಣಿತವಿಲ್ಲದ ತರಗತಿ ಬರಿಯ ಗೇಲಿಯಲ್ಲ ಎಂಬುದಕ್ಕೆ ಇಷ್ಟು ಇತಿಹಾಸ ಸಾಕು.

ವೇಷವಿಲ್ಲದೆ ಒಳಗೆ ಬಂದವರು

ಕರ್ನಾಟಕದ ನೆಲದಲ್ಲಿ ಈ ಗೋಡೆ ದಾಟಿದವರು ಹುಡುಗರ ಅಂಗಿ ತೊಡಲಿಲ್ಲ. ಆದರೆ ಅವರಿಂದ ಬೇರೆ ರೀತಿಯ ಸುಂಕ ವಸೂಲಾಯಿತು. ಮುಂಬಯಿಯಲ್ಲಿ ಪದವಿ ಮುಗಿಸಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರಿಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಸಿಗಲಿಲ್ಲ. ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಕಮಲಾ ಪಟ್ಟು ಬಿಡದೆ ಕೇಳಿದ ಮೇಲೆ ಷರತ್ತುಗಳ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪರೀಕ್ಷಾರ್ಥ, ಅವರಿಂದ ಇತರ ಸಂಶೋಧಕರ ಗಮನ ಚೆದುರಬಾರದು. ಅವರ ಕೆಲಸ ನೋಡಿದ ಮೇಲೆ ಸಂಸ್ಥೆಯಲ್ಲಿ ಮಹಿಳೆಯರಿಗೆ ಬಾಗಿಲು ತೆರೆಯಿತು. ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಆ ಬಾಗಿಲಿನಿಂದ ಒಳಬಂದವರಲ್ಲಿ ರಾಜೇಶ್ವರಿ ಚಟರ್ಜಿ (1922-2010) ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿಯೇ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮಾಡಿದ ಇವರು 1943ರಲ್ಲಿ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದು ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ಹೆಸರು ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಆರಂಭದ ಮಹಿಳಾ ಪದವೀಧರರಲ್ಲೊಬ್ಬರು ಎಂಬುದೂ ಸಣ್ಣ ಸಂಗತಿಯಲ್ಲ. ಅಜ್ಜಿ ಓದಿದ ಮನೆಯಲ್ಲಿ ಮೊಮ್ಮಗಳು ಗಣಿತ ಪುಸ್ತಕವನ್ನು ಬಚ್ಚಿಡಬೇಕಾಗಲಿಲ್ಲ.

ಮುಂಡಗೋಡಿಗೆ ಹತ್ತಿರದ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ 1960ರ ದಶಕದ ಕೊನೆಗೆ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜು ಸೇರಿದಾಗ ತರಗತಿಗೆ ಅವರೊಬ್ಬರೇ ಹುಡುಗಿ. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಂದಿಗೆ ಮಾತಾಡಬಾರದು ಎಂಬ ಮೂರು ಷರತ್ತುಗಳಿಗೆ ಒಪ್ಪಿ ಸೇರಿದ್ದನ್ನು ಅವರೇ ಬರೆದಿದ್ದಾರೆ. ಲೀಸಾ ಹುಡುಗನಂತೆ ಕಾಣಬೇಕಾಯಿತು; ಇಲ್ಲಿ ಹುಡುಗಿ ತರಗತಿಯಲ್ಲಿ ಇದ್ದೂ ಇಲ್ಲದಂತೆ ಇರಬೇಕಾಯಿತು. ಎರಡೂ ಒಂದು ಬಗೆಯ ವೇಷವೇ. ಮುಂದೆ 1974ರಲ್ಲಿ, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಿದ್ದ ಉದ್ಯೋಗ ಪ್ರಕಟಣೆಯೊಂದನ್ನು ಕಂಡು ಅವರು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದು ಪ್ರತಿಭಟಿಸಿದ್ದೂ, ಅದೇ ಕಂಪೆನಿಯಲ್ಲಿ ಕೆಲಸ ಪಡೆದದ್ದೂ ಎಲ್ಲರಿಗೆ ಗೊತ್ತಿರುವ ಸಂಗತಿ.

ನಗೆಯೂ ತಪ್ಪಬಹುದು

ಇಷ್ಟೆಲ್ಲ ಹೇಳಿದ ಮೇಲೆ ಆ ಧಾರಾವಾಹಿಯನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಹುಡುಗಿಯ ಪರ ನಿಂತ ಅದೇ ವ್ಯಂಗ್ಯ, ಭಾರತೀಯನ ವಿಷಯದಲ್ಲಿ ಬೇರೆ ರೀತಿ ನಡೆದುಕೊಂಡಿತು.

ಅಪು ಎಂಬ ಭಾರತೀಯ ಅಂಗಡಿಕಾರನ ಉಚ್ಚಾರವನ್ನು ದಶಕಗಳ ಕಾಲ ಅದು ನಗೆಯ ಸರಕಾಗಿಸಿತು. ಅವನ ಧ್ವನಿ ಭಾರತೀಯನದಲ್ಲ, ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟನದು. ಆ ಮಾತಿನ ಧಾಟಿಯನ್ನೇ ಅನುಕರಿಸಿ ಶಾಲೆಗಳಲ್ಲಿ ತಮ್ಮನ್ನು ಚುಡಾಯಿಸುತ್ತಿದ್ದರೆಂಬುದು ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳ ದೂರು. 2017ರಲ್ಲಿ ಹರಿ ಕೊಂಡಬೋಲು ಎಂಬ ಹಾಸ್ಯಗಾರ ಈ ಕುರಿತು ಸಾಕ್ಷ್ಯಚಿತ್ರ ಮಾಡಿದರು. ಮರುವರ್ಷ ಧಾರಾವಾಹಿ ಇದಕ್ಕೆ ಕೊಟ್ಟ ಉತ್ತರ, ಒಂದು ಕಾಲಕ್ಕೆ ಎಲ್ಲರೂ ಒಪ್ಪಿದ್ದು ಈಗ ತಪ್ಪೆನಿಸಿದರೆ ಏನು ಮಾಡಲಾದೀತು ಎಂಬ ಅರ್ಥದ್ದು. ಆ ಜಾರಿಕೆಯ ಮಾತನ್ನು ಆಡಿಸಿದ್ದು ಯಾರ ಬಾಯಲ್ಲಿ? ಲೀಸಾಳ ಬಾಯಲ್ಲಿ. ಸದಾ ದುರ್ಬಲರ ಪರ ನಿಲ್ಲುವ ಹುಡುಗಿಯ ಬಾಯಿಂದ ಇದು ಬಂದದ್ದು ಅನೇಕ ಅಭಿಮಾನಿಗಳಿಗೂ ಸರಿಬರಲಿಲ್ಲ. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ನಿಲ್ಲಿಸಿದರು.

ಇದರಿಂದ ತಿಳಿಯುವುದಿಷ್ಟೆ: ಕಾರ್ಟೂನಿನ ಹುಡುಗಿಗೆ ಸ್ವಂತ ಬಾಯಿಯಿಲ್ಲ. ಬರೆಯುವವರು ಯಾರೋ ಅವರ ಮಾತು ಅವಳದು. ತೊಗಲು ಗೊಂಬೆಗೂ ಅಷ್ಟೆ, ಆಡಿಸುವವರ ದನಿಯೇ ದನಿ. ಗೊಂಬೆಯಾಟದಲ್ಲಿ ಬಾಳು ಸವೆಸಿದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೆಯ ವಯಸ್ಸಿನಲ್ಲಿ, ಪದ್ಮಶ್ರೀ ಬಂದಾಗ ಪರದೆಯ ಹಿಂದಿದ್ದ ಒಂದು ದನಿಗೆ ಹೆಸರು ಸಿಕ್ಕಿತು. ಪರದೆಯ ಹಿಂದಿನವರಿಗೆ ಹೆಸರು ಸಿಗುವುದೇ ಒಂದು ಚರಿತ್ರೆ.

ಬಂಗೂರನಗರದ ಬೆಳಗು

ದಾಂಡೇಲಿಯ ಬಂಗೂರನಗರ ಕಾಗದದ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆ ಆರಂಭಿಸಿದಾಗ ಸುತ್ತಲಿನ ಕಾಡಿನ ಬಿದಿರು ಬರೆಯುವ ಹಾಳೆಯಾಗತೊಡಗಿತು. ಕಾರ್ಖಾನೆಯ ಒಡೆತನದ ಬಂಗೂರ್ ಮನೆತನದ ಹೆಸರು ಬಡಾವಣೆಗೆ ಬಂತು. ಕೆಲಸ ಹುಡುಕಿ ನಾನಾ ಕಡೆಗಳಿಂದ ಬಂದವರ ಮಕ್ಕಳು ಇಲ್ಲಿ ಒಂದೇ ಬೆಂಚಿನ ಮೇಲೆ ಕೂತರು. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು, ಶಾಲೆಯಲ್ಲಿ ಕನ್ನಡ ಎಂಬುದು ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಅನೇಕ ಮಕ್ಕಳ ದಿನಚರಿ. ಕಾಡಿನ ನಡುವಿನ ಹಳ್ಳಿಗಳ ಹುಡುಗಿಯರಿಗೆ ಪ್ರೌಢಶಾಲೆ ಎಂದರೆ ಮೊದಲು ದೂರದ ಲೆಕ್ಕ. ಲೀಸಾ ವೇಷ ಹಾಕಿದ 2006ರಲ್ಲಿಯೇ ಕರ್ನಾಟಕ ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆ ಆರಂಭಿಸಿತು. ಹಲವು ವರ್ಷ ನಡೆದ ಆ ಯೋಜನೆ ಎಷ್ಟೋ ಹುಡುಗಿಯರ ದಾರಿಯನ್ನು ಕಿರಿದು ಮಾಡಿತು.

ಇಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಹುಡುಗಿಯರದೇ ಮೇಲುಗೈ ಎಂಬ ತಲೆಬರಹ ರೂಢಿಯಾಗಿದೆ. ಗೋಡೆ ಬಿದ್ದಿದೆ. ಹುಡುಗನ ಅಂಗಿ ಬೇಕಾಗಿಲ್ಲ, ಸುಳ್ಳು ಹೆಸರು ಬೇಕಾಗಿಲ್ಲ. ಹಾಗಾದರೆ ಬಚ್ಚಿಡುವುದು ಏನೂ ಉಳಿದಿಲ್ಲವೆ? ಶಿಕ್ಷಕರನ್ನು ಕೇಳಿದರೆ ತಿಳಿಯುತ್ತದೆ. ತರಗತಿಯಲ್ಲಿ ಗುಟ್ಟಾಗಿ ಉಳಿಯುವುದು ಜಾಣತನವಲ್ಲ, ಸಂದೇಹ. ಅರ್ಥವಾಗಿಲ್ಲ ಎಂದು ಎದ್ದು ಹೇಳಿದರೆ ನಗುತ್ತಾರೆ ಎಂಬ ಅಂಜಿಕೆಯಿಂದ ಎಷ್ಟೋ ಕೈಗಳು ಡೆಸ್ಕಿನ ಕೆಳಗೇ ಉಳಿಯುತ್ತವೆ. ಹುಡುಗ ತಪ್ಪು ಹೇಳಿದರೆ ಅದು ಅವನೊಬ್ಬನ ತಪ್ಪು. ಹುಡುಗಿ ತಪ್ಪು ಹೇಳಿದರೆ ಹುಡುಗಿಯರಿಗೆ ಗಣಿತ ಅಷ್ಟಕ್ಕಷ್ಟೆ ಎಂಬ ಹಳೆಯ ಮಾತಿಗೆ ಇನ್ನೊಂದು ಸಾಕ್ಷಿ. ಆ ಭಾರ ಹೊತ್ತವರು ಬಾಯಿ ಬಿಡುವುದು ಕಷ್ಟ.

ಲೀಸಾ ಹುಡುಗರ ತರಗತಿಯಲ್ಲಿ ಮೊದಲು ಪಡೆದದ್ದು ಬಹುಮಾನವನ್ನಲ್ಲ, ತಪ್ಪುವ ಅವಕಾಶವನ್ನು. 5 ಎಂದಳು, ಋಣ 5 ಕೂಡ ಎಂದು ತಿದ್ದಿದರು, ಕಲಿತಳು. ಆ ಅವಕಾಶಕ್ಕೆ ವೇಷ ಬೇಕಾಯಿತೆಂಬುದೇ ನಗೆಯೊಳಗಿನ ನೋವು.

ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ಕ್ಕೆ 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದ ಪ್ರಕಟಿಸಿದ್ದರು. ಆ ಗ್ರಂಥ ಕನ್ನಡ ಅನುವಾದದೊಂದಿಗೆ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ಋಣಸಂಖ್ಯೆಯ ವರ್ಗವೂ ಧನವೇ ಎಂಬ ಸಾವಿರದ ನೂರು ವರ್ಷ ಹಿಂದಿನ ಮಾತನ್ನು ಕನ್ನಡದ ಓದುಗರಿಗೆ ತಲುಪಿಸಿದ ಆ ಅನುವಾದಕಿ ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಡಾ. ಪದ್ಮಾವತಮ್ಮ. ಪುಸ್ತಕದ ಮೇಲೆ ಅಚ್ಚಾಗಿರುವುದು ಅವರ ಸ್ವಂತ ಹೆಸರೇ.